ಕಪ್ಪು ಬಾಟಲಿಯಲ್ಲಿ ಇರುವುದೂ ಉಪ್ಪೇ

ಪೆರ್ನಾಲ್ ಕಳೆದು ಹತ್ತು ದಿನ ಆಗಿರಬಹುದು. ಬಿ.ಪಿ. ನೋಡಿಸಲು ಉಮ್ಮನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆವು. ತೋಳಿಗೆ ಸುತ್ತಿದ ಪಟ್ಟಿ ಬಿಚ್ಚುತ್ತಾ ಡಾಕ್ಟರು, "ಉಪ್ಪು ಕಡಿಮೆ ಮಾಡಿ ಅಂತ ಹೇಳಿದ್ದೆ ಅಲ್ವಾ ಅಮ್ಮ?" ಅಂದರು. ಉಮ್ಮನಿಗೆ ಸಿಟ್ಟು ಬಂತು.

"ಉಪ್ಪಿನಕಾಯಿ ಬಿಟ್ಟೆ. ಒಣಮೀನು ಬಿಟ್ಟೆ. ಹಪ್ಪಳ ಮುಟ್ಟಲಿಲ್ಲ. ಗಂಜಿಗೆ ಸಹ ಉಪ್ಪು ಹಾಕುವುದಿಲ್ಲ. ಇನ್ನು ಎಂತ ಬಿಡುವುದು ಡಾಕ್ಟ್ರೇ?"

ಉಮ್ಮ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಡಾಕ್ಟರು ಔಷಧಿ ಚೀಟಿಯನ್ನು ಬದಿಗಿಟ್ಟು, ಮನೆಯಲ್ಲಿ ವಾರವಿಡೀ ಏನೇನು ಅಡುಗೆ ಆಗುತ್ತದೆ ಎಂದು ಒಂದೊಂದಾಗಿ ಕೇಳತೊಡಗಿದರು. ನಾವು ಹೇಳುತ್ತಾ ಹೋದೆವು. ಸೋಮವಾರ ರಾತ್ರಿ ಮಕ್ಕಳಿಗೆ ಮೊಟ್ಟೆ ಫ್ರೈಡ್ ರೈಸ್. ಬುಧವಾರ ನೂಡಲ್ಸ್. ಶುಕ್ರವಾರ ನೆಂಟರು ಬಂದರೆ ಚಿಲ್ಲಿ ಚಿಕನ್. ಆದಿತ್ಯವಾರ ಸಂಜೆ ಗೋಬಿ ಮಂಚೂರಿ. ಉಮ್ಮನಿಗೂ ಅದೇ ಊಟ. ಮೆತ್ತಗಿರುತ್ತದೆ, ಹಲ್ಲಿಗೆ ಸುಲಭ ಎಂದು ಅವರಿಗೂ ಇಷ್ಟ.

"ಸೋಯಾ ಸಾಸ್ ಎಷ್ಟು ಹಾಕ್ತೀರಿ?" ಎಂದು ಡಾಕ್ಟರು ಕೇಳಿದರು.

ನಾವು ಮುಖ ಮುಖ ನೋಡಿಕೊಂಡೆವು. ಅಳತೆ ಯಾರು ಇಟ್ಟಿದ್ದಾರೆ ಮಾರಾಯ್ರೆ! ಬಾಟಲಿ ಬಗ್ಗಿಸಿ, ಅನ್ನದ ಬಣ್ಣ ನೋಡಿ, ಸಾಕು ಅನ್ನಿಸಿದಾಗ ನಿಲ್ಲಿಸುವುದು. ಅಷ್ಟೇ ನಮ್ಮ ಲೆಕ್ಕ. ಅದರಲ್ಲಿ ಉಪ್ಪು ಉಂಟು ಎಂಬುದು ನಾಲಿಗೆಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ. ಅದು ಬಣ್ಣ, ಅದು 'ಚೈನೀಸ್' ರುಚಿ, ಅಷ್ಟೇ ಎಂದುಕೊಂಡಿದ್ದೆವು. ಸೋಯಾ ಸಾಸ್ ಹಾಕಿದ ಮೇಲೆ ಉಪ್ಪಿನ ಡಬ್ಬಿಯನ್ನೂ ಮುಟ್ಟುತ್ತಿದ್ದೆವು.

ಅಂದಿನಿಂದ ಆ ಕಪ್ಪು ಬಾಟಲಿಯ ಬಗ್ಗೆ ಓದಿದ್ದು, ಕೇಳಿ ತಿಳಿದದ್ದು, ಅಡುಗೆಮನೆಯಲ್ಲಿ ಮಾಡಿ ನೋಡಿದ್ದು ಇಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಇವತ್ತು ಕರಾವಳಿಯ ನಮ್ಮ ಹೆಚ್ಚಿನ ಮನೆಗಳಲ್ಲಿ ಆ ಬಾಟಲಿ ಇದ್ದೇ ಇದೆ. ಅದನ್ನು ಬಿಡಿ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಬಳಸಲು ಕಲಿಯೋಣ ಎಂಬುದಷ್ಟೇ.

ಒಂದು ದೊಡ್ಡ ಚಮಚದ ಲೆಕ್ಕ

ಮೊದಲು ಲೆಕ್ಕ ಮುಗಿಸಿಬಿಡೋಣ. ಒಬ್ಬ ವಯಸ್ಕ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೋಡಿಯಂ ಲೆಕ್ಕದಲ್ಲಿ ಅದು 2000 ಮಿಲಿಗ್ರಾಂ. ಚಹಾ ಚಮಚದಲ್ಲಿ ಮಟ್ಟಸವಾಗಿ ಅಳೆದರೆ ಒಂದು ಚಮಚಕ್ಕಿಂತ ಹೆಚ್ಚಿಲ್ಲ. ಅನ್ನ, ಸಾರು, ಪತ್ತಿರ್, ಬಿಸ್ಕೆಟ್, ಮಿಕ್ಸ್ಚರ್ ಎಲ್ಲ ಸೇರಿ ಅಷ್ಟು.

ಸಾಮಾನ್ಯ ಸೋಯಾ ಸಾಸಿನ ಒಂದು ದೊಡ್ಡ ಚಮಚದಲ್ಲಿ, ಅಂದರೆ 15 ಮಿಲಿಲೀಟರಿನಲ್ಲಿ, ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಹಾಗಾಗಿ ಒಂದು ದೊಡ್ಡ ಚಮಚ ಸಾಸ್ ಎಂದರೆ ಸುಮಾರು ಎರಡೂಕಾಲು ಗ್ರಾಂ ಉಪ್ಪು. ದಿನದ ಪಾಲಿನ ಹತ್ತಿರ ಹತ್ತಿರ ಅರ್ಧ. ಕಂಪೆನಿಯಿಂದ ಕಂಪೆನಿಗೆ ಇದು ಹೆಚ್ಚು ಕಡಿಮೆ ಆಗುತ್ತದೆ, ಬಾಟಲಿಯ ಹಿಂದಿನ ಪಟ್ಟಿಯಲ್ಲಿ ನೋಡಿಕೊಳ್ಳಬಹುದು.

ಮನೆಗೆ ಬಂದು ನಾವು ಒಂದು ಪರೀಕ್ಷೆ ಮಾಡಿದೆವು. ಎಂದಿನಂತೆ ಅಂದಾಜಿಗೆ ಸುರಿಯುವಷ್ಟು ಸಾಸನ್ನು ಒಂದು ಲೋಟಕ್ಕೆ ಸುರಿದು ಚಮಚದಲ್ಲಿ ಅಳೆದೆವು. ನಾಲ್ವರ ಫ್ರೈಡ್ ರೈಸಿಗೆ ಆರು ದೊಡ್ಡ ಚಮಚ! ತಲೆಗೆ ಮೂರೂವರೆ ಗ್ರಾಂ ಹತ್ತಿರ ಉಪ್ಪು, ಅದೂ ಒಂದೇ ಹೊತ್ತಿನ ಊಟದಲ್ಲಿ. ಅದರ ಮೇಲೆ ನಾವು ಹಾಕುತ್ತಿದ್ದ ಉಪ್ಪು ಬೇರೆ, ಚಿಕನ್ ಕ್ಯೂಬ್ ಬೇರೆ. ಉಮ್ಮ ಗಂಜಿಯಲ್ಲಿ ಉಳಿಸಿದ್ದನ್ನೆಲ್ಲ ನಾವು ಫ್ರೈಡ್ ರೈಸಿನಲ್ಲಿ ವಾಪಸ್ ಕೊಡುತ್ತಿದ್ದೆವು.

ಬಾಟಲಿಯೊಳಗೆ ಇರುವುದು ಎಂತದು?

ಸೋಯಾ ಸಾಸಿನ ಮೂಲ ಚೀನಾ. ಅವರೆಕಾಳಿನ ಜಾತಿಯದೇ ಆದ ಸೋಯಾ ಕಾಳನ್ನು ಉಪ್ಪಿನಲ್ಲಿ ಹುಳಿಬರಿಸಿ ಇಡುವ ಪದ್ಧತಿ ಅಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದು. ಅಲ್ಲಿಂದ ಅದು ಜಪಾನಿಗೆ ಹೋಯಿತು. 17ನೇ ಶತಮಾನದಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳು ನಾಗಸಾಕಿಯಿಂದ ಅದನ್ನು ಹೊರದೇಶಗಳಿಗೆ ಸಾಗಿಸಿದವು. ಜಪಾನಿಯರು ಈ ಸಾಸಿಗೆ 'ಶೋಯು' ಎನ್ನುತ್ತಾರೆ. ಡಚ್ಚರ ಬಾಯಲ್ಲಿ ಅದು 'ಸೋಯಾ' ಆಯಿತು. ಸೋಯಾ ಕಾಳಿನಿಂದ ಸೋಯಾ ಸಾಸಿಗೆ ಹೆಸರು ಬಂತು ಅಂತ ನಾವೆಲ್ಲ ತಿಳಿದಿದ್ದೇವೆ. ನಿಜವಾಗಿ ಸಾಸಿನಿಂದಲೇ ಕಾಳಿಗೆ ಆ ಹೆಸರು ಬಂದದ್ದು.

ಹಳೆಯ ಕ್ರಮದಲ್ಲಿ ಮಾಡುವುದು ಹೀಗೆ. ಸೋಯಾ ಕಾಳನ್ನು ಬೇಯಿಸುತ್ತಾರೆ. ಗೋಧಿಯನ್ನು ಹುರಿದು ಪುಡಿ ಮಾಡುತ್ತಾರೆ. ಎರಡನ್ನೂ ಬೆರೆಸಿ ಒಂದು ಜಾತಿಯ ಬೂಷ್ಟನ್ನು ಬೆಳೆಸುತ್ತಾರೆ. ಹೆದರಬೇಡಿ, ಇದು ತಿನ್ನಲು ಯೋಗ್ಯವಾದ ಬೂಷ್ಟು. ಎರಡು ಮೂರು ದಿನ ಕಳೆದ ಮೇಲೆ ಅದನ್ನು ಉಪ್ಪುನೀರಿಗೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಕಾಳಿನ ಪ್ರೋಟೀನ್ ಒಡೆದು ರುಚಿಯಾಗುತ್ತದೆ, ಗೋಧಿಯ ಪಿಷ್ಟ ಒಡೆದು ಸಿಹಿಯಾಗುತ್ತದೆ. ಕೊನೆಗೆ ಬಟ್ಟೆಯಲ್ಲಿ ಹಿಂಡಿ ರಸ ತೆಗೆದು, ಬಿಸಿ ಮಾಡಿ ಬಾಟಲಿಗೆ ತುಂಬುತ್ತಾರೆ. ಅಷ್ಟೊಂದು ಉಪ್ಪು ಇರುವುದು ಬರೀ ರುಚಿಗಲ್ಲ. ತಿಂಗಳುಗಟ್ಟಲೆ ಕೆಡದೆ ಉಳಿಯಬೇಕಲ್ಲ, ಅದಕ್ಕೆ. ನಮ್ಮ ಮಾವಿನಮಿಡಿ ಭರಣಿಯಲ್ಲಿ ಉಪ್ಪು ಮಾಡುವ ಕೆಲಸವೇ ಅಲ್ಲಿಯೂ.

ಅದರ ವಿಶೇಷ ರುಚಿಗೆ ಜಪಾನಿನಲ್ಲಿ 'ಉಮಾಮಿ' ಎನ್ನುತ್ತಾರೆ. ಟೋಕಿಯೋದ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡ 1908ರಲ್ಲಿ ಕಡಲಪಾಚಿಯ ಸಾರಿನಿಂದ ಈ ರುಚಿಯ ಮೂಲವನ್ನು ಹುಡುಕಿ ತೆಗೆದರು. ಅದು ಗ್ಲುಟಾಮಿಕ್ ಆಮ್ಲ. ಹೆಸರು ಹೊಸದು, ರುಚಿ ನಮಗೆ ಹೊಸದಲ್ಲ. ಒಣ ಸಿಗಡಿ ಚಟ್ನಿ ಇದ್ದರೆ ಎರಡು ತುತ್ತು ಗಂಜಿ ಹೆಚ್ಚು ಇಳಿಯುತ್ತದಲ್ಲ, ಚೆನ್ನಾಗಿ ಬೆಂದ ಟೊಮೆಟೊ ಸಾರಿಗೆ ತುಂಬಿಸುತ್ತದಲ್ಲ, ಅದೇ ಜಾತಿಯ ರುಚಿ. ಸೋಯಾ ಸಾಸಿನಲ್ಲಿ ಈ ರುಚಿಯೂ ಉಪ್ಪೂ ಕೂಡಿ ಬರುವುದರಿಂದ ಒಂದು ಲಾಭ ಉಂಟು. ಅಳತೆಯಲ್ಲಿ ಹಾಕಿ, ಬೇರೆ ಉಪ್ಪು ಬಿಟ್ಟರೆ, ಒಟ್ಟು ಉಪ್ಪು ಕಡಿಮೆಯಾದರೂ ನಾಲಿಗೆಗೆ ಸಪ್ಪೆ ಅನ್ನಿಸುವುದಿಲ್ಲ. ಅಂದರೆ ಉಮ್ಮನಿಗೆ ತೊಂದರೆ ಕೊಟ್ಟ ಬಾಟಲಿಯೇ ಸರಿಯಾಗಿ ಬಳಸಿದರೆ ಸಹಾಯಕ್ಕೂ ಬರುತ್ತದೆ.

ಎಲ್ಲ ಬಾಟಲಿಯೂ ಒಂದೇ ಅಲ್ಲ

ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 'ಡಾರ್ಕ್' ಸೋಯಾ ಸಾಸ್. ಇದು ದಪ್ಪ, ಕಪ್ಪು. ಬಣ್ಣಕ್ಕಾಗಿ ಸುಟ್ಟ ಸಕ್ಕರೆಯ ಕ್ಯಾರಮೆಲ್ ಸೇರಿಸಿರುತ್ತಾರೆ. 'ಲೈಟ್' ಎಂದು ಬರೆದಿರುವುದು ತೆಳು, ಬಣ್ಣ ಕಡಿಮೆ. ಇಲ್ಲೊಂದು ಮೋಸಹೋಗುವ ಜಾಗ ಉಂಟು. ಲೈಟ್ ಅಂದರೆ ಉಪ್ಪು ಕಡಿಮೆ ಅಂತ ಅರ್ಥ ಅಲ್ಲ. ಸಾಮಾನ್ಯವಾಗಿ ಅದೇ ಹೆಚ್ಚು ಉಪ್ಪು. ಉಪ್ಪು ಕಡಿಮೆ ಇರುವುದು ಬೇಕಾದರೆ 'ಲೋ ಸೋಡಿಯಂ' ಅಥವಾ 'ಲೆಸ್ ಸಾಲ್ಟ್' ಎಂದು ಬರೆದಿರಬೇಕು. ಅಂಥದ್ದರಲ್ಲಿ ಕೆಲವಕ್ಕೆ ಪೊಟ್ಯಾಸಿಯಂ ಉಪ್ಪು ಸೇರಿಸಿರುತ್ತಾರೆ. ಕಿಡ್ನಿ ತೊಂದರೆ ಇರುವವರು, ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಲ್ಲಿ ಕೇಳಿಯೇ ಅದನ್ನು ಬಳಸಬೇಕು.

ಇನ್ನೊಂದು ಮುಖ್ಯ ವ್ಯತ್ಯಾಸ ಮಾಡುವ ಕ್ರಮದ್ದು. ಪಟ್ಟಿಯಲ್ಲಿ ಸೋಯಾ ಕಾಳು, ಗೋಧಿ, ಉಪ್ಪು, ನೀರು ಎಂದು ಇದ್ದು, 'ನ್ಯಾಚುರಲಿ ಬ್ರೂವ್ಡ್' ಎಂದಿದ್ದರೆ ಅದು ಹುಳಿಬರಿಸಿದ್ದು. 'ಹೈಡ್ರೊಲೈಸ್ಡ್ ವೆಜಿಟೇಬಲ್ ಪ್ರೋಟೀನ್' ಎಂದಿದ್ದರೆ ಸೋಯಾ ಪ್ರೋಟೀನನ್ನು ಆಮ್ಲದಲ್ಲಿ ಒಡೆದು ಕೆಲವೇ ದಿನಗಳಲ್ಲಿ ತಯಾರಿಸಿದ್ದು. ಇದು ಅಗ್ಗ. ಈ ಎರಡನೇ ಕ್ರಮದಲ್ಲಿ ಜಾಗ್ರತೆ ತಪ್ಪಿದರೆ 3-ಎಂಸಿಪಿಡಿ ಎಂಬ ಬೇಡದ ರಾಸಾಯನಿಕ ಉಂಟಾಗುತ್ತದೆ. 2001ರಲ್ಲಿ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ ಅಲ್ಲಿ ಮಾರಾಟವಾಗುತ್ತಿದ್ದ ಕೆಲವು ಆಮದು ಸಾಸ್‌ಗಳಲ್ಲಿ ಇದು ಮಿತಿ ಮೀರಿದ್ದನ್ನು ಕಂಡು ಜನರನ್ನು ಎಚ್ಚರಿಸಿತ್ತು.

ಪಟ್ಟಿಯಲ್ಲಿರುವ ಐಎನ್‌ಎಸ್ ನಂಬರುಗಳನ್ನು ಕಂಡು ಗಾಬರಿ ಬೇಡ. 150 ಎಂದರೆ ಕ್ಯಾರಮೆಲ್ ಬಣ್ಣ. 260 ಎಂದರೆ ಅಸಿಟಿಕ್ ಆಮ್ಲ, ವಿನೆಗರಿನ ಹುಳಿ. 211 ಎಂದರೆ ಕೆಡದಂತೆ ಹಾಕುವ ಸೋಡಿಯಂ ಬೆಂಜೊಯೇಟ್. 621 ಎಂದರೆ ಅಜಿನೊಮೊಟೊ ಎಂದು ನಾವು ಕರೆಯುವ ಪುಡಿ. ಇನ್ನೊಂದು ಮಾತು: ಸೋಯಾ ಸಾಸಿನಲ್ಲಿ ಗೋಧಿ ಇರಬಹುದು. ಗೋಧಿ ಆಗದವರಿಗೆ, ಸೋಯಾ ಅಲರ್ಜಿ ಇರುವ ಮಕ್ಕಳಿಗೆ ಬಡಿಸುವ ಮೊದಲು ಪಟ್ಟಿ ಓದಲೇಬೇಕು. ಮದುವೆ ಮನೆಯಲ್ಲಾದರೆ ಅಡುಗೆಯವರನ್ನು ಕೇಳಬೇಕು.

"ಅದರಲ್ಲಿ ಶರಾಬು ಉಂಟಂತೆ, ಹೌದಾ?"

ಸೋಯಾ ಸಾಸಿನ ವಿಷಯ ಬಂದರೆ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಇದು. ಪಕ್ಕದ ಮನೆಯ ಹಿರಿಯರೊಬ್ಬರು ಇದೇ ಕಾರಣಕ್ಕೆ ಆ ಬಾಟಲಿಯನ್ನು ವರ್ಷಗಳಿಂದ ಮನೆಯೊಳಗೆ ಬಿಟ್ಟಿಲ್ಲ. ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಅದರಲ್ಲಿ ಅರ್ಥ ಇದೆ.

ಹುಳಿಬರಿಸುವಾಗ ಸ್ವಲ್ಪ ಅಲ್ಕೋಹಾಲ್ ತಾನಾಗಿಯೇ ಉಂಟಾಗುತ್ತದೆ. ಹಳೆಯ ಕ್ರಮದ ಜಪಾನೀ ಸಾಸಿನಲ್ಲಿ ಇದು ಶೇ. 2ರ ಆಸುಪಾಸು ಇರುವುದುಂಟು. ಕೆಲವು ಕಂಪೆನಿಗಳು ಕೆಡದಿರಲಿ ಎಂದು ಹೊರಗಿನಿಂದಲೂ ಸೇರಿಸುತ್ತವೆ. ಆಗ ಪಟ್ಟಿಯಲ್ಲಿ 'ಅಲ್ಕೋಹಾಲ್' ಎಂದು ಬರೆದಿರುತ್ತದೆ. ಇವೆರಡೂ ಬೇರೆ ಬೇರೆ ಸಂಗತಿ. ಆಮ್ಲದಲ್ಲಿ ಒಡೆದು ತಯಾರಿಸುವ ಸಾಸಿನಲ್ಲಿ ಹುಳಿಬರಿಸುವ ಹಂತವೇ ಇಲ್ಲ, ಹಾಗಾಗಿ ಈ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ನಮ್ಮಂತೆಯೇ ಶಾಫಿಈ ಮದ್ಸ್‌ಹಬಿನವರೇ ಹೆಚ್ಚಿರುವ ಮಲೇಷ್ಯಾದಲ್ಲಿ ಸೋಯಾ ಸಾಸ್ ನಿತ್ಯದ ಅಡುಗೆಯ ಭಾಗ. ಅಲ್ಲಿನ ರಾಷ್ಟ್ರೀಯ ಫತ್ವಾ ಸಮಿತಿ 2011ರಲ್ಲಿ ಈ ಬಗ್ಗೆ ವಿಶೇಷ ಸಭೆ ನಡೆಸಿತು. ಆಹಾರ ತಯಾರಿಸುವಾಗ ತಾನಾಗಿ ಉಂಟಾಗುವ ಅಲ್ಕೋಹಾಲಿನಿಂದ ಆ ಆಹಾರ ನಜೀಸ್ ಆಗುವುದಿಲ್ಲ, ಅದನ್ನು ತಿನ್ನಬಹುದು ಎಂದು ತೀರ್ಮಾನಿಸಿತು. ಅಮಲಿಗೆಂದೇ ತಯಾರಿಸಿದ ಪಾನೀಯವನ್ನು ಸೇರಿಸುವುದು ಬೇರೆ ಮಾತು, ಅದಕ್ಕೆ ಈ ರಿಯಾಯಿತಿ ಇಲ್ಲ. ಇದು ಅಲ್ಲಿನ ತೀರ್ಮಾನ. ನಾವು ಇಲ್ಲಿ ಫತ್ವಾ ಕೊಡಲು ಕೂತಿಲ್ಲ. ಸಂಶಯ ಇರುವವರು ತಮ್ಮ ಮೊಹಲ್ಲಾದ ಉಸ್ತಾದರಲ್ಲಿ ಕೇಳಿಕೊಳ್ಳಲಿ. ಕೇಳುವಾಗ ಬಾಟಲಿಯನ್ನೂ ತೆಗೆದುಕೊಂಡು ಹೋಗಿ, ಪಟ್ಟಿ ತೋರಿಸಿ ಕೇಳಿದರೆ ಉತ್ತರ ಸ್ಪಷ್ಟವಾಗಿ ಸಿಗುತ್ತದೆ. ಹಲಾಲ್ ಮುದ್ರೆ ಇರುವ ಸೋಯಾ ಸಾಸ್‌ಗಳೂ ಉಂಟು. ಗಲ್ಫಿನಿಂದ ಬರುವ ಮಕ್ಕಳಿಗೆ ಹೇಳಿದರೆ ತಂದುಕೊಡುತ್ತಾರೆ.

ನಿಜವಾಗಿ ಎಚ್ಚರ ಬೇಕಾದದ್ದು ದೊಡ್ಡ ಹೋಟೆಲುಗಳ ಚೈನೀಸ್, ಜಪಾನೀ ಅಡುಗೆಯಲ್ಲಿ. ಅಲ್ಲಿ ಮಾಂಸ ನೆನೆಸಲು ಅಕ್ಕಿಯ ವೈನ್ ಬಳಸುವ ಪದ್ಧತಿ ಇದೆ. ಜಪಾನೀ ಅಡುಗೆಯಲ್ಲಿ 'ಮಿರಿನ್' ಎಂಬುದೂ ಅಂಥದ್ದೇ. 'ತೆರಿಯಾಕಿ' ಸಾಸ್ ಬಾಟಲಿಗಳಲ್ಲಿಯೂ ಅದು ಇರುವುದುಂಟು. ಸೋಯಾ ಸಾಸಿಗೆ ಹೆದರಿ ಕೂತವರು ಇವನ್ನು ಕೇಳದೆ ತಿಂದು ಬರುವುದನ್ನು ನಾವು ಕಂಡಿದ್ದೇವೆ. ಕೇಳಲು ನಾಚಿಕೆ ಎಂತದು? ಕೇಳಿ ತಿನ್ನಬಹುದು.

ಕೆಂಪು ಬಣ್ಣದ ಕತೆ

ಗೋಬಿ ಮಂಚೂರಿಯ ಕೆಂಪು ಬಣ್ಣ ಸಾಸಿನದ್ದು ಎಂದು ತಿಳಿದವರಿದ್ದಾರೆ. ಸೋಯಾ ಸಾಸ್ ಕಂದು ಬಣ್ಣ ಕೊಟ್ಟೀತು, ಕೆಂಪು ಕೊಡಲಾರದು. ಕೈಗೆ ಅಂಟಿ ಸಾಬೂನು ಹಾಕಿದರೂ ಹೋಗದ ಕೆಂಪು ಕೃತಕ ಬಣ್ಣದ್ದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ರೋಡಮಿನ್-ಬಿ ಬಣ್ಣ ಬಳಸಿದ ಬಾಂಬೆ ಮಿಠಾಯಿಗೂ ಆಗಲೇ ನಿಷೇಧ ಬಂತು. ಅದೇ ವರ್ಷ ಜೂನ್‌ನಲ್ಲಿ ಕೋಳಿ, ಮೀನು, ತರಕಾರಿ ಕಬಾಬುಗಳಿಗೂ ನಿಷೇಧ ವಿಸ್ತರಿಸಿತು. ಇಫ್ತಾರ್ ಹೊತ್ತಿಗೆ ರಸ್ತೆ ಬದಿಯಲ್ಲಿ ಕಬಾಬ್ ಕೊಳ್ಳುವ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು. ಮನೆಯಲ್ಲಿ ಕೆಂಪು ಬೇಕಾದರೆ ಬ್ಯಾಡಗಿ ಮೆಣಸಿನ ಪುಡಿ ಉಂಟಲ್ಲ. ಬಣ್ಣ ಬೇಕಾದಷ್ಟು, ಖಾರ ಹಿತ.

ಕಡಲಾಚೆಯ ಮುಸ್ಲಿಂ ಅಡುಗೆಮನೆಗಳಲ್ಲಿ

ಸೋಯಾ ಸಾಸ್ ಅಂದರೆ ಫಾಸ್ಟ್‌ಫುಡ್ ಗಾಡಿ ಎಂದಷ್ಟೇ ತಿಳಿದ ನಮಗೆ ಆಶ್ಚರ್ಯ ಆದದ್ದು ಇಂಡೋನೇಷ್ಯಾದ ಅಡುಗೆಯ ಬಗ್ಗೆ ತಿಳಿದಾಗ. ಅಲ್ಲಿನ 'ಕೆಚಪ್ ಮಾನಿಸ್' ಎಂಬುದು ತಾಳೆಬೆಲ್ಲ ಹಾಕಿ ಕುದಿಸಿದ ಸಿಹಿ ಸೋಯಾ ಸಾಸ್. ಜಕಾರ್ತದ ಬೆತಾವಿ ಮುಸ್ಲಿಮರ ಮನೆಗಳಲ್ಲಿ ಪೆರ್ನಾಲಿಗೆ ಮಾಡುವ ಮುಖ್ಯ ಮಾಂಸದ ಅಡುಗೆ 'ಸೆಮೂರ್'. ಚಕ್ಕೆ, ಲವಂಗ, ಜಾಯಿಕಾಯಿ ಹಾಕಿ ಈ ಸಿಹಿ ಸಾಸಿನಲ್ಲಿ ಮಾಂಸವನ್ನು ನಿಧಾನಕ್ಕೆ ಬೇಯಿಸುತ್ತಾರೆ. ನಮಗೆ ಪೆರ್ನಾಲಿಗೆ ಬಿರಿಯಾನಿ ಹೇಗೋ ಅವರಿಗೆ ಅದು ಹಾಗೆ.

ಮಲೇಷ್ಯಾದಲ್ಲಿ ನೆಲೆಸಿದ ತಮಿಳು ಮುಸ್ಲಿಮರನ್ನು ಅಲ್ಲಿ 'ಮಾಮಕ್' ಎನ್ನುತ್ತಾರೆ. ಅವರ ಹೋಟೆಲುಗಳ 'ಮೀ ಗೋರೆಂಗ್' ಊರಿಗೆಲ್ಲ ಪ್ರಸಿದ್ಧಿ. ಚೀನಾದ ಶಾವಿಗೆ, ಸೋಯಾ ಸಾಸ್, ಅರೆದ ಮೆಣಸು, ಬೇಯಿಸಿದ ಬಟಾಟೆ, ಮೇಲೆ ಲಿಂಬೆ. ಚೀನಾದ ಸಾಸನ್ನು ಅವರು ತಮ್ಮ ಮೆಣಸು, ಬಟಾಟೆಗೆ ಒಗ್ಗಿಸಿಕೊಂಡರು. ಮಲಯ ಮನೆಗಳಲ್ಲಿ 'ಆಯಮ್ ಮಾಸಕ್ ಕಿಚಪ್' ಅಂದರೆ ಸೋಯಾ ಸಾಸಿನಲ್ಲಿ ಬೇಯಿಸಿದ ಕೋಳಿ. ಅರಶಿನ ಹಚ್ಚಿ ಹುರಿದು, ನಂತರ ಸಾಸಿನಲ್ಲಿ ಬೇಯಿಸುವುದು. ಇದರಲ್ಲಿ ನಮಗೆ ಗೊತ್ತಿಲ್ಲದ ಕೆಲಸ ಯಾವುದುಂಟು ಹೇಳಿ?

ಗಲ್ಫಿನಲ್ಲಿ ದುಡಿದ ನಮ್ಮ ಮನೆಯ ಗಂಡಸರಿಗೂ ಈ ರುಚಿ ಹೊಸದಲ್ಲ. ಜೊತೆಗೆ ಕೆಲಸ ಮಾಡುವ ಫಿಲಿಪ್ಪೀನಿನವರ 'ಅಡೋಬೋ' ವಾಸನೆ ಅವರಿಗೆ ಗೊತ್ತು. ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕಾಳುಮೆಣಸು, ಪಲಾವ್ ಎಲೆ ಅದರ ಸಾಮಾನು. ನಮ್ಮ ಮನೆಗೆ ಮೊದಲ ಸೋಯಾ ಸಾಸ್ ಬಾಟಲಿ ಬಂದದ್ದೂ ಗಲ್ಫಿನ ಪೆಟ್ಟಿಗೆಯಲ್ಲೇ, ಹಾಲಿನ ಪುಡಿ ಡಬ್ಬಿ ಮತ್ತು ಅತ್ತರಿನ ನಡುವೆ ಬಟ್ಟೆ ಸುತ್ತಿಕೊಂಡು.

ಮೂರು ಅಡುಗೆ, ಅಳತೆ ಸಮೇತ

ಮೂರಕ್ಕೂ ಒಂದೇ ನಿಯಮ. ಸೋಯಾ ಸಾಸ್ ಹಾಕುವ ಅಡುಗೆಗೆ ಮೊದಲು ಉಪ್ಪು ಹಾಕಬಾರದು. ಕೊನೆಗೆ ರುಚಿ ನೋಡಿ, ಬೇಕೇ ಬೇಕು ಅನ್ನಿಸಿದರೆ ಮಾತ್ರ ಚಿಟಿಕೆ ಉಪ್ಪು.

ಬೆಲ್ಲದ ಸೋಯಾ ಕೋಳಿ: ಆರು ಮಂದಿಗೆ ಒಂದು ಕೆ.ಜಿ. ಕೋಳಿ. ಅರ್ಧ ಚಮಚ ಅರಶಿನ, ಒಂದು ಚಮಚ ಕಾಳುಮೆಣಸಿನ ಪುಡಿ ಹಚ್ಚಿ ಅರ್ಧ ಗಂಟೆ ಇಡಿ. ತೆಂಗಿನೆಣ್ಣೆಯಲ್ಲಿ ಹೊರಮೈ ಕೆಂಪಗಾಗುವಷ್ಟು ಹುರಿದು ತೆಗೆಯಿರಿ. ಅದೇ ಎಣ್ಣೆಗೆ ಒಂದು ತುಂಡು ಚಕ್ಕೆ, ಮೂರು ಲವಂಗ, ಒಂದು ಚಕ್ರಮೊಗ್ಗು, ಉದ್ದಕ್ಕೆ ಹೆಚ್ಚಿದ ಎರಡು ದೊಡ್ಡ ನೀರುಳ್ಳಿ, ಎರಡು ದೊಡ್ಡ ಚಮಚ ಜಜ್ಜಿದ ಶುಂಠಿ-ಬೆಳ್ಳುಳ್ಳಿ, ಸೀಳಿದ ನಾಲ್ಕು ಹಸಿಮೆಣಸು. ನೀರುಳ್ಳಿ ಬಾಡಿದ ಮೇಲೆ ಮೂರು ದೊಡ್ಡ ಚಮಚ ಸೋಯಾ ಸಾಸ್, ಎರಡು ದೊಡ್ಡ ಚಮಚ ಪುಡಿ ಮಾಡಿದ ತಾಳೆಬೆಲ್ಲ, ಒಂದು ಲೋಟ ನೀರು. ಕೋಳಿ ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ 25 ನಿಮಿಷ ಬೇಯಿಸಿ. ರಸ ಕೋಳಿಗೆ ಅಂಟುವಷ್ಟು ದಪ್ಪ ಆದಾಗ ಇಳಿಸಿ ಲಿಂಬೆ ಹಿಂಡಿ. ಕೆಚಪ್ ಮಾನಿಸ್ ಹುಡುಕುವ ಅಗತ್ಯ ಇಲ್ಲ, ಬೆಲ್ಲವೇ ಆ ಕೆಲಸ ಮಾಡುತ್ತದೆ. ಬೆಲ್ಲ ಸಾಸಿನ ಉಪ್ಪಿನ ತೀಕ್ಷ್ಣತೆಯನ್ನು ತಗ್ಗಿಸುತ್ತದೆ. ಸಕ್ಕರೆ ಕಾಯಿಲೆ ಇರುವವರ ತಟ್ಟೆಗೆ ರಸ ಕಡಿಮೆ ಬಡಿಸಿ. ನೆಯ್‌ಚೋರಿನ ಜೊತೆಗೂ ಆಗುತ್ತದೆ, ಪತ್ತಿರ್ ಜೊತೆಗೂ ಆಗುತ್ತದೆ.

ಹಬೆಯ ಮಾಂಜಿ: ಇದು ದಕ್ಷಿಣ ಚೀನಾದ ಕ್ಯಾಂಟನ್ ಕಡೆಯ ಕ್ರಮ. ತಾಜಾ ಮೀನು ಸಿಕ್ಕಿದ ದಿನ ಮಾತ್ರ ಮಾಡಬೇಕು. ಅರ್ಧ ಕೆ.ಜಿ. ತೂಕದ ಇಡೀ ಮಾಂಜಿಯನ್ನು ಶುಚಿ ಮಾಡಿ ಎರಡೂ ಬದಿ ಗೀರಿ. ತಟ್ಟೆಗೆ ಬಾಳೆಲೆ ಹಾಸಿ, ಮೀನಿನ ಕೆಳಗೂ ಮೇಲೂ ತೆಳ್ಳಗೆ ಹೆಚ್ಚಿದ ಶುಂಠಿ ಹರಡಿ. ಇಡ್ಲಿ ಪಾತ್ರೆಯ ನೀರು ಕುದಿ ಬಂದ ಮೇಲೆ ಇಟ್ಟು ಎಂಟರಿಂದ ಹತ್ತು ನಿಮಿಷ ಬೇಯಿಸಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಮೇಲೆ ಈರುಳ್ಳಿ ಸೊಪ್ಪು, ಕೊತ್ತಂಬರಿ ಸೊಪ್ಪು ಹಾಕಿ, ಎರಡು ಚಮಚ ಎಣ್ಣೆಯನ್ನು ಹೊಗೆಯಾಡುವಷ್ಟು ಕಾಯಿಸಿ ಚುಂಯ್ ಎನ್ನುವಂತೆ ಸುರಿಯಿರಿ. ಕೊನೆಗೆ ಒಂದೇ ಒಂದು ದೊಡ್ಡ ಚಮಚ ಸೋಯಾ ಸಾಸ್, ಅಷ್ಟೇ ಬಿಸಿನೀರಿನಲ್ಲಿ ಬೆರೆಸಿ ಬದಿಯಿಂದ ಹಾಕಿ. ಇಲ್ಲಿ ಸಾಸನ್ನು ಬೇಯಿಸುವುದೇ ಇಲ್ಲ. ಹಾಗಾಗಿ ಹುಳಿಬರಿಸಿ ಮಾಡಿದ ಒಳ್ಳೆಯ ಸಾಸೇ ಆಗಬೇಕು. ಮಸಾಲೆ ಇಲ್ಲದ ಮೀನು ಎಂದು ಉಮ್ಮ ಮೊದಲು ಮೂಗು ಮುರಿದಿದ್ದರು. ಎರಡನೇ ಸಲ ಅವರೇ ಕೇಳಿದರು.

ಮೊಟ್ಟೆ ಅನ್ನ: ನಾಲ್ವರಿಗೆ ನಾಲ್ಕು ಲೋಟ ತಣಿದ ಬೆಳ್ತಿಗೆ ಅನ್ನ, ಮೂರು ಮೊಟ್ಟೆ, ಒಂದು ನೀರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಬೀನ್ಸ್, ಕ್ಯಾರೆಟ್. ಬಾಣಲೆ ಚೆನ್ನಾಗಿ ಕಾಯಬೇಕು. ಮೊದಲು ಮೊಟ್ಟೆ ಕದಡಿ ಹುರಿದು ತೆಗೆದಿಡಿ. ನಂತರ ಬೆಳ್ಳುಳ್ಳಿ, ನೀರುಳ್ಳಿ, ತರಕಾರಿ, ಅನ್ನ. ಅನ್ನ ಉದುರಾಗಿ ಬಿಸಿಯಾದ ಮೇಲೆ ಒಂದೂವರೆ ದೊಡ್ಡ ಚಮಚ ಸೋಯಾ ಸಾಸನ್ನು ಅನ್ನದ ಮೇಲಲ್ಲ, ಬಾಣಲೆಯ ಅಂಚಿಗೆ ಸುತ್ತ ಹಾಕಿ. ಬಿಸಿ ಲೋಹ ತಾಗಿ ಅದು ಚಟಪಟ ಎಂದು ಘಮ ಏಳುತ್ತದೆ. ಕೂಡಲೇ ಮಗುಚಿ, ಮೊಟ್ಟೆ ಮತ್ತು ಕಾಳುಮೆಣಸಿನ ಪುಡಿ ಸೇರಿಸಿ ಇಳಿಸಿ. ಸಾಸನ್ನು ಮೊದಲೇ ಹಾಕಿ ತುಂಬಾ ಹೊತ್ತು ಬಿಟ್ಟರೆ ಅದರ ಸಿಹಿ ಸುಟ್ಟು ಕಹಿಯಾಗುತ್ತದೆ. ಈ ಅಳತೆಯಲ್ಲಿ ತಲೆಗೆ ಸಾಸಿನಿಂದ ಬರುವ ಉಪ್ಪು ಒಂದು ಗ್ರಾಂಗಿಂತ ಕಡಿಮೆ. ಹಿಂದೆ ಮೂರೂವರೆ ಗ್ರಾಂ ಇದ್ದದ್ದು ನೆನಪಿದೆಯಲ್ಲ?

ನಿನ್ನೆಯ ಅನ್ನ ಬಳಸುವವರು ಒಂದು ಜಾಗ್ರತೆ ಮಾಡಬೇಕು. ಕರಾವಳಿಯ ಸೆಕೆಯಲ್ಲಿ ಅನ್ನವನ್ನು ರಾತ್ರಿಯಿಡೀ ಹೊರಗಿಟ್ಟರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ಅನ್ನ ಆರಿದ ಕೂಡಲೇ ಫ್ರಿಜ್ಜಿಗೆ ಇಡಿ. ರಮಝಾನಿನಲ್ಲಿ ಸಹರಿಗೆ ಫ್ರೈಡ್ ರೈಸ್ ಮಾಡುವ ಮನೆಗಳೂ ಉಂಟು. ಸಹರಿಯ ಊಟ ಉಪ್ಪಾದರೆ ಹಗಲಿಡೀ ಬಾಯಾರಿಕೆ. ಅಂಥ ಅಡುಗೆ ಇಫ್ತಾರ್ ಕಳೆದ ಮೇಲಿನ ಊಟಕ್ಕೆ ಇರಲಿ.

ಬಾಟಲಿ ತೆರೆದ ಮೇಲೆ ಸಾಸನ್ನೂ ಫ್ರಿಜ್ಜಿನಲ್ಲಿಡುವುದು ಒಳ್ಳೆಯದು. ಹೊರಗಿಟ್ಟರೆ ಬೇಗ ಕೆಡದಿದ್ದರೂ ಘಮ ಹೋಗುತ್ತದೆ. ದೊಡ್ಡ ಬಾಟಲಿ ಅಗ್ಗ ಎಂದು ತರುವ ಬದಲು ಸಣ್ಣದು ತಂದರೆ ಸುರಿಯುವ ಕೈಯೂ ಸಣ್ಣದಾಗುತ್ತದೆ.

ರಬ್ಬರ್ ಬ್ಯಾಂಡಿನ ಚಮಚ

ಮೂರು ತಿಂಗಳ ನಂತರ ಮತ್ತೆ ಅದೇ ಡಾಕ್ಟರ ಬಳಿ ಹೋದೆವು. ಉಮ್ಮನ ಬಿ.ಪಿ. ಸ್ವಲ್ಪ ಇಳಿದಿತ್ತು. ಸೋಯಾ ಸಾಸ್ ಕಡಿಮೆ ಮಾಡಿದ್ದೇ ಅದಕ್ಕೆ ಕಾರಣ ಎಂದು ನಾವು ಹೇಳುವುದಿಲ್ಲ. ಮಾತ್ರೆಯನ್ನು ಡಾಕ್ಟರು ಬದಲಿಸಿದ್ದರು, ಉಮ್ಮ ಸಂಜೆ ಅಂಗಳದಲ್ಲಿ ನಡೆಯಲು ಶುರು ಮಾಡಿದ್ದರು. ಆದರೆ ಕೈಯಲ್ಲಿ ಇರುವ ಒಂದು ಕಾರಣವನ್ನಾದರೂ ನಾವು ತೆಗೆದುಹಾಕಿದ್ದೆವು. ಉಮ್ಮನಿಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಅಡುಗೆ ಮಾಡಿಡುವ ಕೆಲಸವೂ ತಪ್ಪಿತ್ತು. ಎಲ್ಲರಿಗೂ ಒಂದೇ ಪಾತ್ರೆ, ಒಂದೇ ಊಟ. ಉಮ್ಮನಿಗೆ ಬಿ.ಪಿ. ಇಳಿದದ್ದಕ್ಕಿಂತ ಅದೇ ಹೆಚ್ಚು ಖುಷಿ.

ಉಮ್ಮನಿಗೆ ಬಾಟಲಿಯ ಸಣ್ಣ ಅಕ್ಷರ ಕಾಣುವುದಿಲ್ಲ. ಹೊಸ ಬಾಟಲಿ ಮನೆಗೆ ಬಂದರೆ ಮೊಮ್ಮಗಳನ್ನು ಕರೆದು, "ಹಿಂದೆ ಎಂತ ಬರೆದಿದೆ ಓದು ಮೋಳೆ" ಅನ್ನುತ್ತಾರೆ. ಅವಳು ಸೋಡಿಯಂ ಎಷ್ಟು ಎಂದು ಓದಿ ಹೇಳಬೇಕು, ಉಮ್ಮ ಎರಡೂವರೆಯಿಂದ ಗುಣಿಸಬೇಕು. ಲೆಕ್ಕ ಸರಿಯಾದರೆ ಉಮ್ಮ ಒಂದು ಚಮಚವನ್ನು ರಬ್ಬರ್ ಬ್ಯಾಂಡ್ ಹಾಕಿ ಬಾಟಲಿಯ ಕುತ್ತಿಗೆಗೆ ಕಟ್ಟುತ್ತಾರೆ. ಆ ಚಮಚ ಬಿಟ್ಟು ಬೇರೆ ರೀತಿಯಲ್ಲಿ ಸಾಸ್ ಸುರಿಯಲು ನಮ್ಮ ಮನೆಯಲ್ಲಿ ಈಗ ಯಾರಿಗೂ ಧೈರ್ಯ ಇಲ್ಲ.